ಮಿಲಿಟರೀಲಿದ್ದಾಗ ಬಂದ ಬಿಪಿಗೆ ಡಿಸೆಬಿಲಿಟಿ ಪೆನ್ಷನ್ ಸಿಗುತ್ತಾ? ವಕೀಲರ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಮಧುಗಿರಿ ಕಡೆಯ ಮಾಜಿ ಹವಲ್ದಾರ್):

ವಕೀಲ್ ಸಾಹೇಬ್ರಿಗೆ ನಮಸ್ಕಾರ. ನಾನು 1995ರಲ್ಲಿ ಎಎಸ್‌ಸಿಲಿ, ಅಂದ್ರೆ ಸೇನೆಗೆ ಸಾಮಾನು ಸಾಗಿಸೋ ಆರ್ಮಿ ಸರ್ವಿಸ್ ಕೋರ್‌ನಲ್ಲಿ, ಡ್ರೈವರ್ ಆಗಿ ಭರ್ತಿ ಆಗಿದ್ದು, 2019ರಲ್ಲಿ ಪೆನ್ಷನ್ ಬಂದೆ. ಭರ್ತಿ ಆದಾಗ ಯಾವ ಕಾಯಿಲೆನೂ ಇರ್ಲಿಲ್ಲ. 2009ರಿಂದ 2012ರವರ್ಗೂ ಕಾಶ್ಮೀರದ ಕುಪ್ವಾರಾಲಿ ಆರ್‌ಆರ್ (ಉಗ್ರರ ವಿರುದ್ಧ ಕೆಲಸ ಮಾಡೋ ರಾಷ್ಟ್ರೀಯ ರೈಫಲ್ಸ್) ಜೊತೆ ಇದ್ದೆ, ಹೊತ್ತಿಲ್ಲ ಗೊತ್ತಿಲ್ಲ ಕಾನ್ವಾಯ್, ಅಲ್ಲೇ ತಲೆನೋವು ಶುರುವಾಗಿ ಎಂಐ ರೂಮ್‌ಗೆ (ಯೂನಿಟ್‌ನ ಚಿಕ್ಕ ದವಾಖಾನೆ) ಹೋದ್ರೆ ಬಿಪಿ ಜಾಸ್ತಿ ಐತೆ ಉಪ್ಪು ಕಮ್ಮಿ ಮಾಡು ಅಂತ ಮಾತ್ರೆ ಕೊಟ್ಟು ಡ್ಯೂಟಿಗೆ ಕಳಿಸಿದ್ರು. ಆಮೇಲೆ ಸಿಕಂದರಾಬಾದ್‌ಗೆ ಪೋಸ್ಟಿಂಗ್ ಬಂದು ಕೆಲವೇ ತಿಂಗ್ಳಿಗೆ ಆನ್ಯುವಲ್ ಮೆಡಿಕಲ್‌ನಲ್ಲಿ ಬಿಪಿ ಹಿಡಿದು, ಅಡ್ಮಿಟ್ ಮಾಡಿ ಲೋ ಮೆಡಿಕಲ್ ಕ್ಯಾಟಗರಿ ಹಾಕಿದ್ರು, ಮನೆಗೆ ಬರೋವರ್ಗೂ ಆ ಪಿ-2 ಕ್ಯಾಟಗರೀಲೇ ಇದ್ದೆ. ರಿಲೀಸ್ ಮೆಡಿಕಲ್ ಬೋರ್ಡ್‌ನಲ್ಲಿ 30% ಲೈಫ್‌ಲಾಂಗ್ ಅಂತ ಬರ್ದವ್ರೆ, ಆದ್ರೆ ಎನ್‌ಎಎನ್‌ಎ ಹಾಕವ್ರೆ, ಅಂದ್ರೆ ಸರ್ವಿಸ್‌ನಿಂದ ಬಂದಿದ್ದೂ ಅಲ್ಲ, ಸರ್ವಿಸ್‌ನಿಂದ ಹೆಚ್ಚಾಗಿದ್ದೂ ಅಲ್ಲ ಅಂತ. ಕ್ಲೇಮ್ ರಿಜೆಕ್ಟ್ ಆಯ್ತು. ಆರು ತಿಂಗ್ಳೊಳಗೆ ಅಪೀಲ್ ಹಾಕು ಅಂತ ಲೆಟರ್ ಬಂದಿತ್ತು, ಮನೆ ಕಟ್ಟೋ ಗಲಾಟೇಲಿ ಹಂಗೇ ಉಳೀತು. ಈಗೇನಾದ್ರೂ ದಾರಿ ಐತಾ? ಮೊನ್ನೆ ಚೆಕ್ ಮಾಡ್ಸಿದ್ರೆ 170/100 ಬಂತು, ಈ ರಿಪೋರ್ಟ್ ಲಗತ್ತಿಸಿದ್ರೆ ಉಪಯೋಗ ಆಯ್ತದಾ?

ಉತ್ತರ (ವಕೀಲರು, ತುಮಕೂರು):

ಅಣ್ಣ, ಆ ರಿಪೋರ್ಟ್ ತಗೊಂಡು ಮೊದ್ಲು ಇಸಿಎಚ್‌ಎಸ್‌ಗೆ (ಮಾಜಿ ಸೈನಿಕರ ಆರೋಗ್ಯ ಯೋಜನೆ ಕ್ಲಿನಿಕ್) ಹೋಗಿ, ಅದು ಸುಮ್ನೆ ಬಿಡೋ ನಂಬರ್ ಅಲ್ಲ. ಕೇಸ್‌ಗೆ ಮಾತ್ರ ಅದರಿಂದ ಪ್ರಯೋಜನ ಇಲ್ಲ. ಈಗ ಬಿಪಿ ಎಷ್ಟಿದೆ ಅಂತ ಯಾರೂ ಕೇಳಲ್ಲ, ಮೊದಲನೇ ಸಲ ಬಿಪಿ ಕಾಗದದ ಮೇಲೆ ಬಂದಾಗ ನೀವು ಎಲ್ಲಿದ್ರಿ ಅನ್ನೋದೇ ನಿಮ್ಮ ಇಡೀ ಕೇಸು.

ಯಾಕೆ ಅಂದ್ರೆ, ಮಿಲಿಟರಿ ಡಾಕ್ಟರುಗಳಿಗೆ ಅಂತ ಒಂದು ಗೈಡ್ ಇದೆ, 2002ರದ್ದು, 2008ರಲ್ಲಿ ತಿದ್ದುಪಡಿ ಆಗಿದೆ. ಅದರ 43ನೇ ಪ್ಯಾರಾದಲ್ಲಿ ಪ್ರೈಮರಿ ಹೈಪರ್‌ಟೆನ್ಷನ್ (ಬೇರೆ ಕಾಯಿಲೆಯಿಂದ ಬಂದಿರದ ಬಿಪಿ) ಬಗ್ಗೆ ಇರೋದು ಏನಪ್ಪಾ ಅಂದ್ರೆ, ಇದು ಸರ್ವಿಸ್‌ನಿಂದಲೇ ಹುಟ್ಟಿತು ಅಂತ ಒಪ್ಪಲ್ಲ, ಆದ್ರೆ ಫೀಲ್ಡ್, ಹೈ ಆಲ್ಟಿಟ್ಯೂಡ್, ಕೌಂಟರ್ ಇನ್ಸರ್ಜೆನ್ಸಿ (ಉಗ್ರರ ವಿರುದ್ಧ ಕಾರ್ಯಾಚರಣೆ) ಏರಿಯಾ ಅಥವಾ ತುಂಬಾ ದಿನ ಹಡಗಿನಲ್ಲಿ ಇರುವಾಗ ಬಂದ್ರೆ ಸರ್ವಿಸ್‌ನಿಂದ ಹೆಚ್ಚಾಗಿದ್ದು ಅಂತ ಪರಿಗಣಿಸ್ಬೇಕು. ಪೆನ್ಷನ್‌ಗೆ ಅಷ್ಟು ಸಾಕು, ಎರಡರಲ್ಲಿ ಒಂದು ಇದ್ರೆ ಆಯ್ತು. ನಿಮ್ಮ ಬೋರ್ಡು ಮಾಡಿರೋದು ಇಷ್ಟೇ, ಬಿಪಿ ಶುರುವಾದ ಜಾಗ ಸಿಕಂದರಾಬಾದ್, ಅದು ಪೀಸ್ ಸ್ಟೇಷನ್ (ಫೀಲ್ಡ್ ಅಲ್ಲದ ಶಾಂತ ಜಾಗ), ಮುಗೀತು. ಕುಪ್ವಾರಾದ ಎಂಐ ರೂಮ್ ಕಥೆ ಅವರ ಕಾಲಂಗೆ ಬಂದೇ ಇಲ್ಲ. ಇದು ನಾನು ನೋಡಿರೋ ಫೈಲುಗಳಲ್ಲಿ ಪದೇ ಪದೇ ಆಗೋದು, ಫೀಲ್ಡ್‌ನಲ್ಲಿ ಮಾತ್ರೆ ಕೊಟ್ಟು ಕಳಿಸ್ತಾರೆ, ಕೆಳಗೆ ಬಂದ ಮೇಲೆ ಹೆಸರಿಟ್ಟು ಬರೀತಾರೆ.

ಆದ್ರಿಂದ ಮೊದಲ ಕೆಲಸ ಕಾಗದ ತರಿಸೋದು. ನಿಮ್ಮ ರೆಕಾರ್ಡ್ಸ್ ಆಫೀಸ್ ಬೆಂಗಳೂರಲ್ಲೇ ಇದ್ರೆ ಒಳ್ಳೇದು, ಬೇರೆ ಊರಲ್ಲಿದ್ರೂ ಪರ್ವಾಗಿಲ್ಲ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿ. ಭರ್ತಿ ಟೈಮಿನ ಮೆಡಿಕಲ್, ರಿಲೀಸ್ ಮೆಡಿಕಲ್ ಬೋರ್ಡ್‌ನ ಪೂರ್ತಿ ಪ್ರೊಸೀಡಿಂಗ್ಸ್, ಎಲ್ಲಾ ಕ್ಯಾಟಗರಿ ಬೋರ್ಡುಗಳು, ಪೋಸ್ಟಿಂಗ್ ವಿವರ, ರಿಜೆಕ್ಷನ್ ಲೆಟರ್, ಇಷ್ಟಕ್ಕೂ ಕಾಪಿ ಕೇಳಿ. ಬಂದ ಮೇಲೆ ಬೋರ್ಡಿನ ಶೇಕಡಾ ನೋಡೋಕ್ಕಿಂತ ಮುಂಚೆ 2012ರ ಸ್ಪೆಷಲಿಸ್ಟ್ ಒಪಿನಿಯನ್ ತೆಗೀರಿ. ಅದರಲ್ಲಿ ಮೇಲ್ಗಡೆ ಎರಡು ಮೂರು ಸಾಲು ಹಿಸ್ಟರಿ ಅಂತ ಬರೆದಿರ್ತಾರೆ, ಕೈಬರಹ ಓದೋದೇ ಕಷ್ಟ, ಆದ್ರೆ ಅಲ್ಲಿ "ಹಿಂದಿನ ಯೂನಿಟ್‌ನಲ್ಲಿ ತಲೆನೋವು, ಬಿಪಿ ಹೆಚ್ಚು ಕಂಡಿತ್ತು" ಅನ್ನೋ ಥರ ಅರ್ಧ ಸಾಲು ಸಿಕ್ಕಿದ್ರೂ ಅದು ಚಿನ್ನ. ಎಂಐ ರೂಮ್ ರಿಜಿಸ್ಟರ್ ಇಷ್ಟು ವರ್ಷ ಇಟ್ಟಿರ್ತಾರೆ ಅಂತ ನಂಬ್ಕೊಂಡು ಕೂರ್ಬೇಡಿ.

ಆ ಸಾಲು ಸಿಗದೇ ಇದ್ರೂ ಕೈ ಚೆಲ್ಲಬೇಕಿಲ್ಲ. 1982ರ ಎಂಟೈಟಲ್‌ಮೆಂಟ್ ರೂಲ್ಸ್ (ಈ ಪೆನ್ಷನ್ ಯಾರಿಗೆ ಅನ್ನೋ ನಿಯಮ) ಪ್ರಕಾರ ಭರ್ತಿ ಆಗುವಾಗ ಕಾಯಿಲೆ ನೋಟ್ ಆಗಿಲ್ಲ ಅಂದ್ರೆ ಮನುಷ್ಯ ಆರೋಗ್ಯವಾಗಿದ್ದ ಅಂತಲೇ ಲೆಕ್ಕ; ನಿಮ್ಮ ಹಾಗೆ 2008ರಿಂದೀಚೆಗೆ ಬಂದವರಿಗೆ 2008ರ ರೂಲ್ಸ್, ಅದರಲ್ಲೂ ಸರ್ವಿಸ್‌ಗೂ ಕಾಯಿಲೆಗೂ ಸಂಬಂಧ ಇದೆ ಅಂತ ಸಾಬೀತು ಮಾಡೋ ಹೊರೆ ಸಾಮಾನ್ಯವಾಗಿ ಸೈನಿಕನ ಮೇಲೆ ಇಲ್ಲ. 2013ರಲ್ಲಿ ಧರಂವೀರ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟ್ 1982ರ ರೂಲ್ಸ್ ಇಟ್ಕೊಂಡು ಇದನ್ನೇ ಬಿಡಿಸಿ ಹೇಳಿದೆ, ಬೋರ್ಡು ಕಾರಣ ಕೊಡದೆ ಬರೀ ಸಂಬಂಧ ಇಲ್ಲ ಅಂತ ಬರೆದ್ರೆ ಸಾಲದು ಅಂತ. ಅವರದ್ದು ಫಿಟ್ಸ್ ಕೇಸು, ಆದ್ರೆ ಬಿಪಿ ಕೇಸುಗಳಲ್ಲೂ ಇದನ್ನೇ ಹಿಡ್ಕೊಂಡು ವಾದ ಮಾಡ್ತೀವಿ. ಹಂಗಂತ ಗ್ಯಾರಂಟಿ ಅಂತ ನಾನು ಹೇಳಲ್ಲ, ಬೋರ್ಡು ತೂಕ ಜಾಸ್ತಿ, ಅಪ್ಪ ಅಮ್ಮಂಗೂ ಬಿಪಿ ಅಂತೆಲ್ಲ ಬರೆದಿದ್ರೆ ಸರ್ಕಾರದ ವಕೀಲರು ಅದನ್ನೇ ಎತ್ತಿ ತೋರಿಸ್ತಾರೆ.

ತಡ ಆಗಿರೋದಕ್ಕೆ ಅಷ್ಟು ಹೆದರ್ಬೇಡಿ. ಪೆನ್ಷನ್ ಪ್ರತಿ ತಿಂಗಳು ಬರಬೇಕಾದ ದುಡ್ಡು, ಬರದೇ ಇದ್ರೆ ಅನ್ಯಾಯ ಪ್ರತಿ ತಿಂಗಳೂ ಮುಂದುವರೀತಾ ಇದೆ ಅಂತ ಅರ್ಥ. ಆದ್ರೆ 2008ರ ತರ್ಸೇಮ್ ಸಿಂಗ್ ತೀರ್ಪಿನ ಪ್ರಕಾರ ಹಿಂಬಾಕಿ ಸಾಮಾನ್ಯವಾಗಿ ಕೇಸ್ ಹಾಕೋ ಹಿಂದಿನ ಮೂರು ವರ್ಷಕ್ಕೆ ಮಾತ್ರ ಕೊಡ್ತಾರೆ, ಅದಕ್ಕಿಂತ ಹಿಂದಿನದು ಹೋದ ಹಾಗೇನೇ. ಈಗ ಅಪೀಲ್ ಕಳ್ಸಿ, ಆರು ತಿಂಗಳು ಉತ್ತರ ಬರ್ಲಿಲ್ಲ ಅಂದ್ರೂ ಟ್ರಿಬ್ಯುನಲ್‌ಗೆ ಹೋಗಬಹುದು. ಕರ್ನಾಟಕದವರಿಗೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ಅಂದ್ರೆ ಕೊಚ್ಚಿ ಬೆಂಚು.

ಪ್ರಶ್ನೆ (ಅವರೇ):

ಬಾಳಾ ಉಪಕಾರ ಆಯ್ತು ಸಾರ್. ಇನ್ನೊಂದು. ಗೆದ್ರೆ ಎಷ್ಟು ಬರಬಹುದು? ನಮ್ಮೂರ ಕಡೆ ಒಬ್ಬ ಏಜೆಂಟು 30%ನ 75% ಮಾಡಿಸ್ತೀನಿ, ಬಂದಿದ್ರಲ್ಲಿ ಕಾಲು ಭಾಗ ಕೊಡು ಅಂತಾನೆ.

ಉತ್ತರ:

ಅವನ ಕೈಗೆ ಒಂದು ಕಾಗದನೂ ಕೊಡ್ಬೇಡಿ, ಸ್ಪರ್ಶ್ (ಪೆನ್ಷನ್ ವೆಬ್‌ಸೈಟ್) ಪಾಸ್‌ವರ್ಡ್ ಅಂತೂ ಕನಸಲ್ಲೂ ಬೇಡ. 50ಕ್ಕಿಂತ ಕಮ್ಮಿ ಇದ್ರೆ 50 ಅಂತ ರೌಂಡ್ ಮಾಡ್ತಾರೆ, 50ರಿಂದ 75ರವರೆಗೆ ಇದ್ರೆ 75, ಅದಕ್ಕಿಂತ ಮೇಲೆ 100. ನಿಮ್ಮ 30 ಆಗೋದು 50, ಅದಕ್ಕೆ ಯಾವ ಏಜೆಂಟೂ ಬೇಡ. ಮೊದ್ಲು ಈ ರೌಂಡಿಂಗ್ ಇನ್‌ವ್ಯಾಲಿಡ್ ಆಗಿ (ಅನ್‌ಫಿಟ್ ಅಂತ ಮಧ್ಯದಲ್ಲೇ ಕಳಿಸಿ) ಬಂದವರಿಗೆ ಮಾತ್ರ ಅಂತಿದ್ರು, 2014ರ ಡಿಸೆಂಬರ್‌ನಲ್ಲಿ ರಾಮ್ ಅವತಾರ್ ಕೇಸಲ್ಲಿ ಸುಪ್ರೀಂ ಕೋರ್ಟು ಸರ್ವಿಸ್ ಪೂರ್ತಿ ಮಾಡಿ ಬಂದವರಿಗೂ ಸಿಗಬೇಕು ಅಂತು.

ಲೆಕ್ಕ ಸುಲಭ. 100% ಡಿಸೆಬಿಲಿಟಿಗೆ ಕೊನೇ ಸಂಬಳದ 30%. ನಿಮ್ಮ ಬೇಸಿಕ್, ಎಂಎಸ್‌ಪಿ (ಮಿಲಿಟರಿ ಸರ್ವಿಸ್ ಪೇ) ಎಲ್ಲಾ ಸೇರಿ 50,000 ಇತ್ತು ಅಂತಿಟ್ಕೊಳ್ಳಿ, ನೂರಕ್ಕೆ 15,000, ಐವತ್ತಕ್ಕೆ 7,500, ಅದರ ಮೇಲೆ ಡಿಆರ್ (ಪೆನ್ಷನ್‌ನ ತುಟ್ಟಿಭತ್ಯೆ) ಬೇರೆ. ಈಗ ಬರ್ತಿರೋ ಪೆನ್ಷನ್ ಜೊತೆಗೆ ಇದು.

ಪ್ರಶ್ನೆ (ಮಾಲೂರು):

ಸರ್ ನಮ್ಮ ತಂದೆಗೆ ಪೆನ್ಷನ್ ಬಂದು ನಾಲ್ಕು ವರ್ಷ ಆದ್ಮೇಲೆ ಬಿಪಿ ಬಂತು, ಅವರೂ ಸಿಯಾಚಿನ್‌ನಲ್ಲಿ ಇದ್ದವರೇ, ಅಪ್ಲೈ ಮಾಡಬಹುದಾ?

ಉತ್ತರ:

ಅಪ್ಲೈ ಮಾಡೋಕೆ ಯಾರೂ ತಡೆಯಲ್ಲ, ಆದ್ರೆ ರಿಲೀಸ್ ಬೋರ್ಡಲ್ಲಿ ಬಿಪಿ ನಾರ್ಮಲ್ ಅಂತ ಇದ್ರೆ ತುಂಬಾ ಕಷ್ಟ, ನಾನಾದ್ರೆ ಈ ಕೇಸ್ ತಗೊಂಡು ನಿಮ್ಮ ದುಡ್ಡು ಖರ್ಚು ಮಾಡ್ಸಲ್ಲ. ಮಾತ್ರೆ ಇಸಿಎಚ್‌ಎಸ್‌ನಲ್ಲಿ ಸಿಗುತ್ತೆ, ಅದನ್ನ ತಪ್ಪಿಸ್ಬೇಡಿ.

ಪ್ರಶ್ನೆ (ಗೌರಿಬಿದನೂರು):

ಅಣ್ಣ ನಾನು 2024ರಲ್ಲಿ ಬಂದಿದ್ದು, ನಂಗೂ ಬಿಪಿ ಕ್ಯಾಟಗರಿ ಇತ್ತು. ಮೇಲಿನದೆಲ್ಲಾ ನಂಗೂ ಅನ್ವಯ ಆಗುತ್ತಾ?

ಉತ್ತರ:

ಇಲ್ಲಪ್ಪ, ನಿಂದು ಬೇರೆ ದಾರಿ. 2023ರ ಸೆಪ್ಟೆಂಬರ್ 21ರಿಂದ ಹೊಸ ಎಂಟೈಟಲ್‌ಮೆಂಟ್ ರೂಲ್ಸ್ ಬಂದಿದೆ, ಆಮೇಲೆ ಬಂದವರಿಗೆ ಅದೇ ಲೆಕ್ಕ, ಇಂಪೇರ್‌ಮೆಂಟ್ ರಿಲೀಫ್ ಅಂತ ಹೊಸ ಹೆಸರೂ ಇದೆ, ಹಳೇ ರೂಲ್ಸ್ ತೋರಿಸಿ ಅಪೀಲ್ ಬರೆದ್ರೆ ಮೊದಲ ಪುಟದಲ್ಲೇ ವಾಪಸ್ ಬರುತ್ತೆ. ನಿನ್ನ ಬೋರ್ಡ್ ಪ್ರೊಸೀಡಿಂಗ್ಸ್ ನನ್ನ ಇನ್‌ಬಾಕ್ಸ್‌ಗೆ ಹಾಕು, ನಂಬರ್ ಎಲ್ಲಾ ಅಳಿಸಿ ಹಾಕು. ಬೋರ್ಡ್ ಎಷ್ಟು ಶೇಕಡಾ ಬರೆದಿದೆ, ಬಿಪಿ ಶುರುವಾಗಿದ್ದು ಯಾವ ಊರಲ್ಲಿ ಅಂತ ಬರೆದಿದೆ, ಅವೆರಡು ನೋಡಿ ಹೇಳ್ತೀನಿ. ಅಪೀಲ್ ಟೈಮ್ ನಿಂಗೆ ಇನ್ನೂ ಇದ್ಯಾ ಅಂತ ರಿಜೆಕ್ಷನ್ ಲೆಟರ್ ಡೇಟ್ ಇವತ್ತೇ ನೋಡ್ಕೋ.