ಹೆಡರ್ ಹಾಕಿಸಿದ ಮೇಲೆ ಹೀಟರ್ ಸೊರಗಿದೆ: ಹಳೇ 911 ಓಡಿಸುವವರ ಅನುಭವ ಬೇಕು

ಕೇಳಿದವರು

ನನ್ನದು 1982ರ ಪೋರ್ಷೆ 911 ಎಸ್‌ಸಿ, 3.0 ಲೀಟರ್ ಇಂಜಿನ್. ಕಾರಿನ ಜೊತೆ ಬಂದಿದ್ದ ಹೀಟ್ ಎಕ್ಸ್‌ಚೇಂಜರ್‌ಗಳು (ಎಕ್ಸಾಸ್ಟ್ ಬಿಸಿಯಿಂದ ಹೀಟರ್ ಗಾಳಿ ಕಾಯಿಸುವ ಭಾಗಗಳು) ತುಕ್ಕು ಹಿಡಿದು ತೂತಾಗಿದ್ದವು. ಅವನ್ನು ತೆಗೆಸಿ ಹೊರಗಿನ ತಯಾರಕರ ಸ್ಟೀಲ್ ಹೆಡರ್, ಅಂದರೆ ಇಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಎಕ್ಸಾಸ್ಟ್ ಪೈಪುಗಳು, ಹಾಕಿಸಿದೆ. ಬರೀ ರೇಸಿಂಗ್ ಪೈಪು ಅಲ್ಲ, ಸುತ್ತ ತಗಡಿನ ಜಾಕೆಟ್ ಇದೆ, ಹೀಟರ್ ಕೆಲಸ ಮಾಡುತ್ತದೆ ಎಂದೇ ಮಾರಿದ್ದು. ಇಂಜಿನ್ ಚುರುಕಾಗಿದೆ, ಸದ್ದಂತೂ ಕೇಳಬೇಕು. ಆದರೆ ಹೀಟರ್ ಲಿವರ್ ಪೂರ್ತಿ ಎತ್ತಿದರೂ ಕಾಲಿಗೆ ಉಗುರುಬೆಚ್ಚಗಿನ ಗಾಳಿ. ಸಿಗ್ನಲ್‌ನಲ್ಲಿ ನಿಂತರೆ ಅದೂ ಇಲ್ಲ. ಚಳಿಯಲ್ಲಿ ಮುಂದಿನ ಗಾಜಿನ ಮಂಜನ್ನು ಬಟ್ಟೆಯಲ್ಲಿ ಒರೆಸಿಕೊಂಡು ಓಡಿಸುತ್ತಿದ್ದೇನೆ. ಹಾಕಿದ ಮೆಕ್ಯಾನಿಕ್ ಕೇಳಿದರೆ "ಹೆಡರ್ ಅಂದ್ರೆ ಇಷ್ಟೇ ಸರ್" ಅನ್ನುತ್ತಾರೆ. ನಿಜಾನಾ? ನೀವು ಏನು ಮಾಡಿದಿರಿ, ಯಾವುದು ಕೆಲಸ ಮಾಡಿತು, ಯಾವುದು ದಂಡ ಅಂತ ತಿಳಿಸಿ.

ಮೊದಲು ಉತ್ತರಿಸಿದವರು

ಅರ್ಧ ನಿಜ ಸರ್. ಹೆಡರ್ ಹಾಕಿದ ಮೇಲೆ ಬಿಸಿ ಒಂದಿಷ್ಟು ಕಡಿಮೆ ಆಗುವುದು ಎಲ್ಲರಿಗೂ ಗೊತ್ತಿರುವ ವಿಷಯ. ಆದರೆ ಗಾಜಿನ ಮಂಜೂ ಹೋಗುವುದಿಲ್ಲ ಅಂದರೆ ಹೆಡರ್ ಒಂದರದ್ದೇ ತಪ್ಪು ಅಂತ ನನಗೆ ಅನ್ನಿಸುವುದಿಲ್ಲ. ಬೇರೆ ಎಲ್ಲೋ ಗಾಳಿ ಸೋರುತ್ತಿದೆ.

3.2 ಕರೆರಾ ಇಟ್ಟುಕೊಂಡವರು

ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಯಾಕೆಂದರೆ ಇಲ್ಲಿ ಜನ ದುಡ್ಡು ಸುರಿಯುವುದು ಮೊದಲು, ಪರೀಕ್ಷೆ ಮಾಡುವುದು ಆಮೇಲೆ.

ಈ ಕಾರಿನಲ್ಲಿ ರೇಡಿಯೇಟರ್ ನೀರು ಅನ್ನುವುದೇ ಇಲ್ಲ. 1998ರಲ್ಲಿ ಮುಗಿದ 993ರವರೆಗೆ 911 ಎಲ್ಲವೂ ಗಾಳಿಯಿಂದ ತಂಪಾಗುವ ಇಂಜಿನ್. ಹಾಗಾಗಿ ಒಳಗೆ ಬರುವ ಬಿಸಿ ಎಂದರೆ ಎಕ್ಸಾಸ್ಟ್ ಪೈಪಿನ ಬಿಸಿಯೇ. ಇಂಜಿನ್ ಫ್ಯಾನು ತಳ್ಳುವ ಗಾಳಿಯಲ್ಲಿ ಒಂದು ಪಾಲು ಹೋಸ್ ಮೂಲಕ ಕೆಳಗಿಳಿದು ಎರಡೂ ಕಡೆಯ ಎಕ್ಸ್‌ಚೇಂಜರ್ ಜಾಕೆಟ್ ಒಳಗೆ ಹೋಗುತ್ತದೆ. ಅಲ್ಲಿ ಎಕ್ಸಾಸ್ಟ್ ಪೈಪಿಗೆ ಸೋಕಿ ಕಾಯುತ್ತದೆ. ಅಲ್ಲಿಂದ ಗೇರ್‌ಬಾಕ್ಸ್ ಅಕ್ಕಪಕ್ಕದಲ್ಲಿರುವ ಫ್ಲಾಪರ್ ಬಾಕ್ಸಿಗೆ ಬರುತ್ತದೆ. ಲಿವರ್ ಕೆಳಗಿದ್ದರೆ ಫ್ಲಾಪರ್ ಆ ಗಾಳಿಯನ್ನು ಕಾರಿನ ಅಡಿಗೆ ಬಿಟ್ಟುಬಿಡುತ್ತದೆ. ಲಿವರ್ ಎತ್ತಿದರೆ ಬಾಗಿಲ ಕೆಳಗಿನ ಸಿಲ್ ಒಳಗಿರುವ ಪೈಪಿಗೆ ತಿರುಗಿಸುತ್ತದೆ. ಅಲ್ಲಿಂದ ಕಾಲಿಗೆ, ಗಾಜಿಗೆ.

ಇಷ್ಟು ಉದ್ದದ ದಾರಿಯಲ್ಲಿ ಎರಡೇ ರೀತಿಯ ತೊಂದರೆ. ಗಾಳಿ ಬರುತ್ತಿದೆ, ಆದರೆ ಕಾದಿಲ್ಲ. ಇಲ್ಲವೇ ಕಾದಿದೆ, ಆದರೆ ಬರುತ್ತಿಲ್ಲ. ಇವೆರಡಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದಾದರೆ ನಿಮ್ಮ ಹೆಡರ್ ಮೇಲೆ ಅನುಮಾನ ಪಡಿ. ಎರಡನೆಯದಾದರೆ ಹೋಸ್, ಫ್ಲಾಪರ್, ಬ್ಲೋವರ್ ನೋಡಿ. ಯಾವುದು ಅಂತ ತಿಳಿಯುವ ತನಕ ಒಂದು ಬೋಲ್ಟನ್ನೂ ಬಿಚ್ಚಬೇಡಿ.

ಪರೀಕ್ಷೆ ಸುಲಭ. ತಂತಿಯ ತುದಿಯಲ್ಲಿ ಪ್ರೋಬ್ ಇರುವ ಥರ್ಮಾಮೀಟರ್ ತೆಗೆದುಕೊಳ್ಳಿ. ಇಂಜಿನ್ ಆಯಿಲ್ ಚೆನ್ನಾಗಿ ಕಾಯುವವರೆಗೆ ಕಾರು ಓಡಿಸಿ. ಪ್ರೋಬನ್ನು ಒಮ್ಮೆ ಫ್ಲಾಪರ್ ಬಾಕ್ಸ್ ಹತ್ತಿರ, ಒಮ್ಮೆ ಕಾಲಿನ ಹತ್ತಿರದ ಗಾಳಿಕಂಡಿಯಲ್ಲಿ ಇಟ್ಟು ಅಳೆಯಿರಿ. ಎಡ ಬಲ ಎರಡೂ ಕಡೆ. ಹಿಂದೆ ತುಂಬಾ ಬಿಸಿ, ಮುಂದೆ ತಣ್ಣಗೆ ಅಂದರೆ ದಾರಿಯಲ್ಲಿ ಸೋರಿಕೆ. ಹಿಂದೆಯೇ ಉಗುರುಬೆಚ್ಚಗೆ, ಆದರೆ ಗಾಳಿ ಜೋರಾಗಿ ಬರುತ್ತಿದೆ ಅಂದರೆ ಜಾಕೆಟ್ ಒಳಗೆ ಕಾಯುತ್ತಿಲ್ಲ. ಗನ್ ತರಹ ಗುರಿಯಿಟ್ಟು ನೋಡುವ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಹೊಳೆಯುವ ಸ್ಟೇನ್‌ಲೆಸ್ ಮೇಲೆ ನಂಬಬೇಡಿ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ತುಂಬಾ ಕಡಿಮೆ ತೋರಿಸುತ್ತದೆ. ಅದೂ ಅಲ್ಲದೆ ನಿಮಗೆ ಬೇಕಾಗಿರುವುದು ಗಾಳಿಯ ಬಿಸಿ, ತಗಡಿನ ಬಿಸಿ ಅಲ್ಲ.

ಗ್ಯಾರೇಜ್ ಕೆಲಸದವರು

ಮೇಲಿನವರು ಹೇಳಿದ್ದು ಸರಿ. ನಾನು ಕೈಗೆ ಗ್ರೀಸ್ ಮೆತ್ತಿಕೊಳ್ಳುವ ಕಡೆಯಿಂದ ಹೇಳುತ್ತೇನೆ.

ಹೆಡರ್ ಹಾಕುವಾಗ ಹೀಟರಿನ ಹೋಸುಗಳನ್ನು ಬಿಚ್ಚಲೇಬೇಕು. ಹಳೇ ಹೋಸು ಮುಟ್ಟಿದರೆ ಹರಿಯುತ್ತದೆ. ವಾಪಸ್ ಹಾಕುವವರಿಗೆ ಎಕ್ಸಾಸ್ಟ್ ಸೋರಬಾರದು ಅನ್ನುವ ಚಿಂತೆ ಮಾತ್ರ ಇರುತ್ತದೆ, ಹೀಟರ್ ಹೋಸ್ ಕ್ಲಾಂಪ್ ಬಗ್ಗೆ ಯಾರಿಗೂ ಆಸಕ್ತಿ ಇಲ್ಲ. ಜೊತೆಗೆ ಹೊಸ ಜಾಕೆಟ್ಟಿನ ಬಾಯಿ ಹಳೇ ಹೋಸಿನ ಅಳತೆಗೇ ಇರುತ್ತದೆ ಅಂತ ಹೇಳಲಾಗುವುದಿಲ್ಲ. ಸ್ವಲ್ಪ ಚಿಕ್ಕದಿದ್ದರೆ ಕ್ಲಾಂಪನ್ನು ಎಳೆದು ಬಿಗಿ ಮಾಡಿ ಕಳಿಸುತ್ತಾರೆ. ಸುತ್ತಲೂ ಸುಕ್ಕು, ಸುಕ್ಕಿನ ಸಂದಿಯಲ್ಲಿ ಗಾಳಿ. ಕಾರಿನ ಅಡಿ ಮಲಗಿ ಒಬ್ಬರನ್ನು ಮೇಲೆ ಕೂರಿಸಿ ಆಕ್ಸಿಲರೇಟರ್ ಸ್ವಲ್ಪ ಒತ್ತಿಸಿ, ಕೈ ಆಡಿಸಿ ನೋಡಿ. ಬಿಸಿ ಪೈಪು ಹುಷಾರು. ಕಾರು ಜ್ಯಾಕ್ ಸ್ಟ್ಯಾಂಡ್ ಮೇಲಿರಲಿ, ಬರೀ ಜ್ಯಾಕ್ ಮೇಲೆ ಅಡಿಗೆ ಹೋಗಬೇಡಿ.

ಆಮೇಲೆ ಫ್ಲಾಪರ್ ಕೇಬಲ್. ಎರಡು ಬಾಕ್ಸ್, ಎರಡು ಕೇಬಲ್. ಎಕ್ಸಾಸ್ಟ್ ಕೆಲಸಕ್ಕೆ ಅವನ್ನು ಬಿಚ್ಚಿ, ಮತ್ತೆ ಹಾಕುವಾಗ ಕ್ಲಾಂಪ್ ಒಂದಿಷ್ಟು ಸಡಿಲ ಉಳಿದರೆ ಫ್ಲಾಪರ್ ಅರ್ಧಕ್ಕೇ ನಿಲ್ಲುತ್ತದೆ. ಅರ್ಧ ಗಾಳಿ ಒಳಗೆ, ಅರ್ಧ ರಸ್ತೆಗೆ. ಒಳಗಿನಿಂದ ಲಿವರ್ ಎತ್ತಿದಾಗ ಏನೂ ಗೊತ್ತಾಗುವುದಿಲ್ಲ, ಲಿವರ್ ಪೂರ್ತಿ ಮೇಲೆ ಬಂದಿರುತ್ತದೆ! ಅಡಿಯಲ್ಲಿ ಫ್ಲಾಪರ್ ತೋಳು ಕೊನೆಯವರೆಗೆ ತಿರುಗುತ್ತಿದೆಯಾ ಅಂತ ಕಣ್ಣಾರೆ ನೋಡಬೇಕು. ಬಾಕ್ಸಿನ ಒಳಗಿನ ತಟ್ಟೆ ತುಕ್ಕು ತಿಂದು ಅಂಚು ಉದುರಿರುವುದನ್ನೂ ನೋಡಿದ್ದೇನೆ. ಆಗ ಕೇಬಲ್ ಎಷ್ಟು ಎಳೆದರೂ ಪ್ರಯೋಜನವಿಲ್ಲ, ಬಾಕ್ಸನ್ನೇ ಬದಲಿಸಿ.

ಎಸ್‌ಸಿ ಆದ್ದರಿಂದ ಇನ್ನೊಂದು ಮಾತು. ಇಂಜಿನ್ ಕೋಣೆಯಲ್ಲಿ ಒಂದು ಎಲೆಕ್ಟ್ರಿಕ್ ಬ್ಲೋವರ್ ಇರುತ್ತದೆ. ಇಂಜಿನ್ ಫ್ಯಾನು ಬೆಲ್ಟಿನಲ್ಲಿ ತಿರುಗುವುದರಿಂದ ಐಡಲಿಂಗ್‌ನಲ್ಲಿ ಹೀಟರಿಗೆ ಹೋಗುವ ಗಾಳಿ ತೀರಾ ಕಡಿಮೆ. ಆ ಕೊರತೆ ತುಂಬುವುದು ಈ ಬ್ಲೋವರ್. ಸಿಗ್ನಲ್‌ನಲ್ಲಿ ನಿಂತಾಗ ಪೂರ್ತಿ ತಣ್ಣಗಾಗುತ್ತದೆ ಅಂದಿರಲ್ಲ, ಅದನ್ನು ಓದಿದ ತಕ್ಷಣ ನನಗೆ ಇದೇ ಹೊಳೆದಿದ್ದು. ಬ್ಲೋವರ್ ಇದೆಯಾ? ಹೆಡರ್ ಹಾಕುವಾಗ ಕೆಲವರು ಇಂಜಿನ್ ಕೋಣೆ ಚೊಕ್ಕವಾಗಿ ಕಾಣಲಿ ಅಂತ ಅದನ್ನೇ ಕಿತ್ತು ಖಾಲಿ ಪೈಪು ಹಾಕಿಬಿಡುತ್ತಾರೆ. ಇದ್ದರೆ ಫ್ಯೂಸ್, ರಿಲೇ, ವೈರ್ ನೋಡಿ.

ಎಂಜಿಬಿ ಓಡಿಸುವವರು

ಮಧ್ಯದಲ್ಲಿ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನೀರಿನ ಇಂಜಿನ್ ಇರುವ ಹಳೇ ಕಾರಿನವರೂ ಇದನ್ನು ಓದುತ್ತಿರಬಹುದು. ನಮ್ಮಲ್ಲಿ ಹೀಟರ್ ಬಿಸಿ ಬರುವುದು ಕೂಲಂಟ್‌ನಿಂದ. ಹೆಡರ್‌ಗೂ ಅದಕ್ಕೂ ನೇರ ಸಂಬಂಧವಿಲ್ಲ. ಹೆಡರ್ ಹಾಕಿದ ಮೇಲೆ ಹೀಟರ್ ತಣ್ಣಗಾಯಿತು ಅಂದರೆ ಕೂಲಂಟ್ ಇಳಿಸಿ ತುಂಬಿಸುವಾಗ ಗಾಳಿ ಸಿಕ್ಕಿಕೊಂಡಿದೆ, ಅಥವಾ ಹೀಟರ್ ವಾಲ್ವ್ ಪೂರ್ತಿ ತೆರೆಯುತ್ತಿಲ್ಲ ಅಂತ ಮೊದಲು ನೋಡಿ. ಹೀಟರಿಗೆ ಹೋಗುವ ಮತ್ತು ವಾಪಸ್ ಬರುವ ಎರಡೂ ಹೋಸು ಮುಟ್ಟಿ. ಒಂದು ಬಿಸಿ ಒಂದು ತಣ್ಣಗೆ ಇದ್ದರೆ ನೀರು ಸುತ್ತುತ್ತಿಲ್ಲ. ಇಷ್ಟೇ, ಹೊರಟೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ಬ್ಲೋವರ್ ಇದೆ, ಆದರೆ ತಿರುಗುವ ಸದ್ದೇ ಇಲ್ಲ. ಪ್ರೋಬ್ ಹಾಕಿ ನೋಡಿದೆ. ಎಡಗಡೆ ಫ್ಲಾಪರ್ ಹತ್ತಿರ ಗಾಳಿ ಕೈ ಇಡಲಾಗದಷ್ಟು ಬಿಸಿ, ಬಲಗಡೆ ಅದರ ಅರ್ಧವೂ ಇಲ್ಲ. ಒಳಗೆ ಬರುವಷ್ಟರಲ್ಲಿ ಎಡಗಡೆಯದೂ ಇಳಿದಿರುತ್ತದೆ. ಇನ್ನೊಂದು ವಿಷಯ, ಲಿವರ್ ಎತ್ತಿದಾಗ ಸ್ವಲ್ಪ ಹೊಗೆ ವಾಸನೆಯೂ ಬರುತ್ತದೆ. ಹಳೇ ಕಾರಲ್ವಾ ಅಂತ ಸುಮ್ಮನಿದ್ದೆ.

3.2 ಕರೆರಾ ಇಟ್ಟುಕೊಂಡವರು

ವಾಸನೆ ವಿಷಯ ಮೊದಲೇ ಹೇಳಬೇಕಿತ್ತು ಸರ್! ಅದು ಬಗೆಹರಿಯುವವರೆಗೆ ಹೀಟರ್ ಹಾಕಬೇಡಿ, ಕಿಟಕಿ ಇಳಿಸಿಕೊಂಡು ಓಡಿಸಿ. ನೀವು ಉಸಿರಾಡುವ ಗಾಳಿ ಎಕ್ಸಾಸ್ಟ್ ಪೈಪನ್ನು ಸವರಿಕೊಂಡು ಬರುತ್ತದೆ, ಮಧ್ಯೆ ಇರುವುದು ಬರೀ ಒಂದು ಪದರ ಲೋಹ. ಅಲ್ಲಿ ಬಿರುಕು ಬಿಟ್ಟರೆ ಕಾರ್ಬನ್ ಮಾನಾಕ್ಸೈಡ್ ನೇರ ಒಳಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ನಿಮಗೆ ಬರುತ್ತಿರುವುದು ಜೊತೆಗಿರುವ ಬೇರೆ ಹೊಗೆಯ ವಾಸನೆ. ತಲೆನೋವು, ವಾಕರಿಕೆ, ಮಂಪರು ಅನ್ನಿಸಿದರೆ ತಕ್ಷಣ ಗಾಡಿ ನಿಲ್ಲಿಸಿ ಹೊರಗೆ ಬನ್ನಿ. ಬ್ಯಾಟರಿಯಲ್ಲಿ ನಡೆಯುವ ಸಣ್ಣ ಮಾನಾಕ್ಸೈಡ್ ಅಲಾರಂ ಸಿಗುತ್ತದೆ, ಇಂತಹ ಪ್ರತಿ ಕಾರಿನಲ್ಲೂ ಒಂದು ಇರಲೇಬೇಕು ಅಂತ ನನ್ನ ಹಟ.

ವಾಸನೆ ಎಣ್ಣೆ ಸುಟ್ಟದ್ದಾ, ಎಕ್ಸಾಸ್ಟಿನದ್ದಾ ಅಂತಲೂ ನೋಡಿ. ವಾಲ್ವ್ ಕವರ್ ಅಥವಾ ಆಯಿಲ್ ರಿಟರ್ನ್ ಟ್ಯೂಬ್ ಸೋರಿದರೆ ಎಣ್ಣೆ ಹೆಡರ್ ಮೇಲೆಯೇ ತೊಟ್ಟಿಕ್ಕುತ್ತದೆ. ಅದು ಕಮಟು, ಕಣ್ಣು ಉರಿಸುತ್ತದೆ. ಕಿರಿಕಿರಿ ಹೌದು, ಎಕ್ಸಾಸ್ಟ್ ಸೋರಿಕೆಯಷ್ಟು ಅಪಾಯ ಅಲ್ಲ. ಆದರೆ ಮೂಗನ್ನು ನಂಬಿ ತೀರ್ಮಾನ ಮಾಡಬೇಡಿ, ಪರೀಕ್ಷೆ ಮಾಡಿಸಿ.

ಗ್ಯಾರೇಜ್ ಕೆಲಸದವರು

ಪರೀಕ್ಷೆ ಹೀಗೆ. ಇಂಜಿನ್ ತಣ್ಣಗಿರಲಿ. ಗಾಳಿ ಊದುವ ವ್ಯಾಕ್ಯೂಮ್ ಕ್ಲೀನರ್ ಪೈಪನ್ನು ಸೈಲೆನ್ಸರ್ ಬಾಯಿಗೆ ಬಟ್ಟೆ ಸುತ್ತಿ ಹಿಡಿಯಿರಿ. ಸಿಲಿಂಡರ್ ಹೆಡ್ ಹತ್ತಿರದ ಫ್ಲೇಂಜ್ (ಪೈಪನ್ನು ಹೆಡ್ಡಿಗೆ ಕೂರಿಸುವ ಜೋಡಣೆ), ಸೈಲೆನ್ಸರ್ ಜೋಡಣೆ ಎಲ್ಲಕ್ಕೂ ಸೋಪಿನ ನೀರು ಚಿಮುಕಿಸಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಜಾಕೆಟ್ ಒಳಗಿನದು ಕಣ್ಣಿಗೆ ಕಾಣದು. ಅದಕ್ಕೆ ಹೀಟರ್ ಹೋಸು ಕಳಚಿ ಜಾಕೆಟ್ ಬಾಯಿಗೆ ಕೈ ಇಡಿ. ಎಕ್ಸಾಸ್ಟಿಗೆ ಊದಿದ ಗಾಳಿ ಅಲ್ಲಿ ಬಂತು ಅಂದರೆ ಒಳಗೆ ಬೆಸುಗೆ ಬಿಟ್ಟಿದೆ. ಆ ಹೆಡರ್ ವಾಪಸ್ ಕೊಡಿ, ತೇಪೆ ಹಾಕಲು ಹೋಗಬೇಡಿ.

ಫ್ಲೇಂಜಿನಲ್ಲಿ ಮಾತ್ರ ಸೋರಿದರೆ ಹೆದರಿಕೆ ಕಡಿಮೆ. ಹೊಸ ಗ್ಯಾಸ್ಕೆಟ್ ಕೆಲವು ಸಲ ಕಾದು ಆರಿದ ಮೇಲೆ ಕೂತುಕೊಳ್ಳುತ್ತದೆ, ನಟ್ ಮತ್ತೆ ಬಿಗಿ ಮಾಡಬೇಕಾಗುತ್ತದೆ. ಹೆಡ್ಡಿನಲ್ಲಿರುವ 8 ಮಿ.ಮೀ. ಸ್ಟಡ್ ಮುರಿದರೆ ಮಾತ್ರ ದೊಡ್ಡ ಕೆಲಸ. ಆದ್ದರಿಂದ ಟಾರ್ಕ್ ರೆಂಚ್ ಹಿಡಿಯಿರಿ, ತಾಕತ್ತು ತೋರಿಸಬೇಡಿ.

ನಿಮ್ಮ ಬಲಗಡೆ ಮಾತ್ರ ತಣ್ಣಗಿರುವುದಕ್ಕೆ ಹೆಡರ್ ವಿನ್ಯಾಸ ಕಾರಣ ಆಗಿರಲಾರದು. ಎರಡೂ ಕಡೆ ಒಂದೇ ತಯಾರಕರದ್ದು, ಒಂದು ಕಡೆ ಕಾಯುತ್ತಿದೆ ಅಲ್ವಾ? ಬಲಗಡೆಯ ಹೋಸು, ಕೇಬಲ್ ನೋಡಿ.

ಹೀಟರ್ ಆಸೆ ಬಿಟ್ಟವರು

ನನ್ನದು ಜಾಕೆಟ್ ಇಲ್ಲದ ಪಕ್ಕಾ ರೇಸಿಂಗ್ ಹೆಡರ್. ಬಿಸಿಯೇ ಇಲ್ಲ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ ಹೀಟರ್ ತರಿಸಬೇಡಿ ಅಂತ ಹೇಳಲು ಬಂದೆ. 150 ವ್ಯಾಟ್ ಅಂದರೆ ಅಂಗೈ ಬೆಚ್ಚಗಾದರೆ ಹೆಚ್ಚು. ಒಂದು ಕಿಲೋವ್ಯಾಟ್ ಬಿಸಿ ಬೇಕೆಂದರೂ 13.5 ವೋಲ್ಟಿನಲ್ಲಿ 74 ಆಂಪಿಯರ್ ಎಳೆಯುತ್ತದೆ. ಹಳೇ ಕಾರಿನ ಆಲ್ಟರ್ನೇಟರ್ ಹೆಡ್‌ಲೈಟ್, ವೈಪರ್ ಜೊತೆ ಅಷ್ಟು ಎಲ್ಲಿಂದ ತರಬೇಕು? ಸೀಟಿಗೆ ಬಿಸಿ ಮಾಡುವ ಪ್ಯಾಡ್ ಹಾಕಿಸಿದೆ. ಬೆನ್ನಿಗೆ ಹಾಯಾಗಿದೆ, ಗಾಜಿಗೆ ಉಪಯೋಗವಿಲ್ಲ. ಚಳಿಗಾಲದಲ್ಲಿ ಮಳೆ ಬಂದರೆ ನನ್ನ ಕಾರು ಶೆಡ್ಡಿನಲ್ಲೇ ಇರುತ್ತದೆ.

ಎಸ್‌ಎಸ್‌ಐ ಹಾಕಿಸಿದವರು

ಎಲ್ಲ ಸೋರಿಕೆ ಮುಚ್ಚಿದ ಮೇಲೂ ಬಿಸಿ ಸಾಲದಿದ್ದರೆ ಆಗ ಹೆಡರ್ ಕಡೆ ತಿರುಗಿ. ಜಾಕೆಟ್ ಇದ್ದ ಮಾತ್ರಕ್ಕೆ ಅದು ಹೀಟ್ ಎಕ್ಸ್‌ಚೇಂಜರ್ ಆಗುವುದಿಲ್ಲ. ಒಳಗೆ ಗಾಳಿ ಪೈಪಿನ ಸುತ್ತ ಸುಳಿದಾಡಬೇಕು, ಸೋಕುವ ಜಾಗ ಜಾಸ್ತಿ ಇರಬೇಕು. ನುಣುಪಾದ ಪೈಪಿನ ಮೇಲೆ ಅಗಲ ತಗಡು ಸುತ್ತಿದ್ದರೆ ಗಾಳಿ ನಡುವಿನಿಂದ ನುಸುಳಿ ಹೋಗುತ್ತದೆ, ಬಿಸಿ ಪಾತ್ರೆಯ ಮೇಲೆ ಉಫ್ ಅಂತ ಊದಿದ ಹಾಗೆ.

ಯಾರೂ ಹೇಳದ ಇನ್ನೊಂದು ಕಾರಣ ಸೆರಾಮಿಕ್ ಕೋಟಿಂಗ್. ಬಿಸಿಯನ್ನು ಪೈಪಿನ ಒಳಗೇ ಹಿಡಿದಿಡುವುದು ಅದರ ಕೆಲಸ. ರೇಸಿಗೆ ಒಳ್ಳೆಯದು. ನಮಗೆ ಬೇಕಾಗಿರುವುದು ಅದರ ಉಲ್ಟಾ, ಬಿಸಿ ಪೈಪಿನಿಂದ ಹೊರಗೆ ಬರಬೇಕು. ನಿಮ್ಮ ಹೆಡರಿಗೆ ಕೋಟಿಂಗ್ ಇದೆಯಾ ಅಂತ ಕೇಳಿ. ಹಾಗೆಯೇ ಪೈಪಿಗೆ ಎಕ್ಸಾಸ್ಟ್ ವ್ರಾಪ್ (ಬಿಸಿ ತಡೆಯುವ ಪಟ್ಟಿ) ಸುತ್ತುವ ಸಲಹೆ ಯಾರಾದರೂ ಕೊಟ್ಟರೆ ಬೇಡ ಅನ್ನಿ. ತೇವ ಹಿಡಿದು ಸಾದಾ ಸ್ಟೀಲ್ ಬೇಗ ಕೊಳೆಯುತ್ತದೆ. ಇನ್ಸುಲೇಷನ್ ಸುತ್ತಬೇಕಾದ್ದು ಎಕ್ಸ್‌ಚೇಂಜರ್‌ನಿಂದ ಮುಂದಕ್ಕೆ ಹೋಗುವ ಹೋಸುಗಳಿಗೆ. ಓಡುವ ಕಾರಿನ ಅಡಿಯ ತಣ್ಣನೆ ಗಾಳಿ ಅಲ್ಲೇ ಬಿಸಿ ಕದಿಯುವುದು. ನಿಮ್ಮ ಎಡಗಡೆಯ ಬಿಸಿ ಒಳಗೆ ಬರುವಷ್ಟರಲ್ಲಿ ಇಳಿಯುವುದಕ್ಕೆ ಇದೂ ಒಂದು ಕಾರಣ ಇರಬಹುದು. ಸಿಲ್ ಒಳಗಿನ ಪೈಪು ತುಕ್ಕು ಹಿಡಿದಿದೆಯಾ ಅಂತಲೂ ನೋಡಿಸಿ.

ನಾನು ಕೊನೆಗೆ ಎಸ್‌ಎಸ್‌ಐ ಬ್ರ್ಯಾಂಡಿನ ಎಕ್ಸ್‌ಚೇಂಜರ್ ಹಾಕಿಸಿದೆ, 1974ಕ್ಕಿಂತ ಮುಂಚಿನ 911ರ ಎಕ್ಸ್‌ಚೇಂಜರ್ ಮಾದರಿಯಲ್ಲೇ ಸ್ಟೇನ್‌ಲೆಸ್‌ನಲ್ಲಿ ಮಾಡಿದ್ದು. ಇಂಜಿನ್ನಿಗೂ ಉಸಿರಾಟ ಸಲೀಸು, ಕಾಲಿಗೂ ಬಿಸಿ. ಆದರೆ ಎಸ್‌ಸಿಗೆ ಹಾಕುವಾಗ ಅದೊಂದೇ ಸಾಲದು. ಸೈಲೆನ್ಸರ್ ಬದಲಿಸಬೇಕು, ಕೆಲವು ಆಯಿಲ್ ಪೈಪುಗಳನ್ನೂ ಬದಲಿಸಬೇಕು. ಆ ಖರ್ಚನ್ನು ಮೊದಲೇ ಸೇರಿಸಿ ಲೆಕ್ಕ ಹಾಕಿ. ಅಂದಹಾಗೆ, ಬಿಸಿ ಜಾಸ್ತಿ ಇದ್ದರೆ ಒಳ್ಳೆಯದು ಅಂತಲೂ ಅಲ್ಲ. 1970ರ ದಶಕದ ನಡುವೆ ಕ್ಯಾಲಿಫೋರ್ನಿಯಾದ ಹೊಗೆ ನಿಯಮಕ್ಕಾಗಿ 2.7 ಲೀಟರ್ ಕಾರುಗಳಿಗೆ ಥರ್ಮಲ್ ರಿಯಾಕ್ಟರ್ (ಸುಡದೆ ಉಳಿದ ಹೊಗೆಯನ್ನು ಎಕ್ಸಾಸ್ಟಿನಲ್ಲೇ ಸುಡುವ ಭಾಗ) ಹಾಕಿದ್ದರು. ಎಕ್ಸಾಸ್ಟ್ ಹತ್ತಿರದ ಆ ಕಾವಿಗೆ ಇಂಜಿನ್‌ಗಳೇ ಬೇಗ ಕೆಟ್ಟವು.

ಕೇಳಿದವರು

ಬಲಗಡೆ ಫ್ಲಾಪರ್ ತೋಳು ಅರ್ಧಕ್ಕೇ ನಿಲ್ಲುತ್ತಿತ್ತು, ಕೇಬಲ್ ಕ್ಲಾಂಪ್ ಜಾರಿತ್ತು. ಅದೇ ಕಡೆ ಹೋಸು ಜಾಕೆಟ್ ಬಾಯಿಗಿಂತ ದೊಡ್ಡದು, ಸುಕ್ಕುಗಟ್ಟಿ ಕೂತಿದೆ. ಸೋಪಿನ ನೀರಿಗೆ ಬಲಗಡೆ ಒಂದು ಫ್ಲೇಂಜಿನಲ್ಲಿ ಗುಳ್ಳೆ ಬಂತು, ಜಾಕೆಟ್ ಬಾಯಲ್ಲಿ ಗಾಳಿ ಇಲ್ಲ. ಸದ್ಯ! ಗ್ಯಾಸ್ಕೆಟ್ ತರಿಸಿದ್ದೇನೆ. ಬ್ಲೋವರ್‌ಗೆ ಕರೆಂಟ್ ಬರುತ್ತಿದೆ, ಮೋಟರ್ ಮಾತ್ರ ಅಲುಗುವುದಿಲ್ಲ. ಕೋಟಿಂಗ್ ಇಲ್ಲ ಅಂತ ಮಾರಿದವರು ಹೇಳಿದರು. ಮೊದಲು ಯಾವುದು ಮಾಡಲಿ?

ಗ್ಯಾರೇಜ್ ಕೆಲಸದವರು

ಗ್ಯಾಸ್ಕೆಟ್ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಹಾಕಿದ ಮೇಲೆ ಸೋಪಿನ ನೀರು ಮತ್ತೊಮ್ಮೆ. ಅಲಾರಂ ಇಟ್ಟುಕೊಂಡೇ ಹೀಟರ್ ಎತ್ತಿ. ಆಮೇಲೆ ಕೇಬಲ್, ಸರಿಯಾದ ಅಳತೆಯ ಹೋಸು. ಬ್ಲೋವರ್ ಮೋಟರ್ ಕೈಯಲ್ಲಿ ತಿರುಗಿಸಿ ನೋಡಿ, ಎಷ್ಟೋ ಸಲ ಬೇರಿಂಗ್ ಹಿಡಿದಿರುತ್ತದೆ ಅಷ್ಟೇ, ಬಿಚ್ಚಿ ಕ್ಲೀನ್ ಮಾಡಿದರೆ ಓಡುತ್ತದೆ. ಹೊಸದು ಕೊಳ್ಳುವುದು ಅದಾದ ಮೇಲೆ. ಎಲ್ಲ ಮುಗಿಸಿ ಪ್ರೋಬ್ ಹಾಕಿ, ಎಡ ಬಲ ಎರಡೂ ಅಂಕಿ ಇಲ್ಲಿ ಬರೆಯಿರಿ. ಅಲ್ಲಿಯವರೆಗೆ ಬೇರೆ ಹೆಡರ್ ಆರ್ಡರ್ ಮಾಡಬೇಡಿ.