ಪದಚರ್ಚೆ: ಗ್ಯಾಸ್‌ಲೈಟಿನ ಮೇಲಿನ ‘500 ಎಚ್‌ಕೆ’ಗೆ ಕನ್ನಡದಲ್ಲಿ ಏನೆನ್ನೋಣ?

ಸಾಗರದಿಂದ:
ಬಳಗದವರಿಗೆ ನಮಸ್ಕಾರ. ಹಳೆಯ ದೀಪಗಳ ಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಸಂಜೆಯೊಳಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. ಯಕ್ಷಗಾನ ಆಟದ ರಂಗಸ್ಥಳಕ್ಕೆ ಕಟ್ಟುತ್ತಿದ್ದ ಪೆಟ್ರೋಮ್ಯಾಕ್ಸ್ ಗ್ಯಾಸ್‌ಲೈಟಿನ ಮೇಲೆ ‘500 ಎಚ್‌ಕೆ’ ಎಂದಿದೆ. ಪಕ್ಕದ ಇಂಗ್ಲಿಷ್ ದೀಪದಲ್ಲಿ ‘300 ಕ್ಯಾಂಡಲ್ ಪವರ್’. ಎರಡಕ್ಕೂ ‘ಮೊಂಬತ್ತಿ ಶಕ್ತಿ’ ಎಂದರೆ ನಡೆಯುತ್ತದೆಯೆ? ಈಗಿನ ಲೆಕ್ಕದಲ್ಲಿ ಎಷ್ಟು ಎಂಬುದೂ ಬೇಕು.

ತೀರ್ಥಹಳ್ಳಿಯಿಂದ:
ನಡೆಯುವುದಿಲ್ಲ. ಅಶ್ವಶಕ್ತಿಯಲ್ಲಿ ಶಕ್ತಿ ಸರಿ, ಇಲ್ಲಿ ತಪ್ಪು. ಇದು ಒಂದು ದಿಕ್ಕಿಗೆ ಹೊರಡುವ ಬೆಳಕಿನ ತೀವ್ರತೆ. ‘ಮೊಂಬತ್ತಿ’ಯಂತೂ ಪಾರಸಿಯ ಮೋಮ್ ಹೊತ್ತು ಹಿಂದಿಯಿಂದ ಬಂದದ್ದು. ‘ಬತ್ತಿ’ ಸಂಸ್ಕೃತದ ವರ್ತಿ. ಸುಡು ಧಾತುವಿನ, ದೀಪವೆಂಬ ಅರ್ಥದ ‘ಸೊಡರು’ ಕಣ್ಣೆದುರಿಗಿದೆ, ತಮಿಳಿನ ‘ಸುಡರ್’ ಅದರ ಒಡಹುಟ್ಟು. ‘500 ಸೊಡರಳತೆ’ ಎಂದು ಹಾಕಿ.

ಹೊಸನಗರದಿಂದ:
ಮಾರಾಯ್ರೆ, ಪದ ಆರಿಸುವ ಮೊದಲು ಅವೆರಡೂ ಒಂದೇ ಮಾನ ಹೌದೊ ಅಲ್ಲವೊ ನೋಡಬೇಕಲ್ಲ. ಅಲ್ಲ.

ಎಚ್‌ಕೆ ಎಂದರೆ ಜರ್ಮನ್ನಿನ ‘ಹೆಫ್ನರ್‌ಕೆರ್ಟ್ಸೆ’. ಹೆಸರಿನಲ್ಲಿ ಕ್ಯಾಂಡಲ್ ಇದ್ದರೂ ಅಲ್ಲಿ ಮೇಣವಿಲ್ಲ. 1884ರಲ್ಲಿ ಜರ್ಮನ್ ಎಂಜಿನಿಯರ್ ಹೆಫ್ನರ್-ಆಲ್ಟೆನೆಕ್ ರೂಪಿಸಿದ್ದು ಅಮೈಲ್ ಅಸಿಟೇಟ್ ಎಂಬ ದ್ರವ ಉರಿಸುವ ದೀಪ: 8 ಮಿ.ಮೀ. ವ್ಯಾಸದ ಬತ್ತಿ, 40 ಮಿ.ಮೀ. ಎತ್ತರದ ಜ್ವಾಲೆ. ಜ್ವಾಲೆ ಒಂದು ಮಿ.ಮೀ. ಏರುಪೇರಾದರೆ ಬೆಳಕು ನೂರಕ್ಕೆ ಮೂರರಷ್ಟು ಹೆಚ್ಚುಕಡಿಮೆ. ಗಾಳಿಯ ತೇವವೂ ಕಾಡುತ್ತದೆ. ಒಂದು ಘನ ಮೀಟರ್ ಒಣಗಾಳಿಗೆ ಇರುವ ನೀರಾವಿಯನ್ನು ಲೀಟರಿನಲ್ಲಿ ತೆಗೆದುಕೊಂಡು 0.0055ರಿಂದ ಗುಣಿಸಿ, 1.049ರಿಂದ ಕಳೆಯಬೇಕು. ಆವಿ ಸುಮಾರು 9 ಲೀಟರಿದ್ದಾಗ ಉತ್ತರ 1, ಅಂದರೆ ಸರಿಯಾಗಿ ಒಂದು ಹೆಫ್ನರ್. ನಮ್ಮ ಆಗುಂಬೆಯ ಆಷಾಢದಲ್ಲಿ, 22 ಡಿಗ್ರಿಯ ನೆನೆದ ಗಾಳಿಯಲ್ಲಿ, ಅದು 28ರ ಆಸುಪಾಸು ಹೋಗುತ್ತದೆ. ಆಗ ಉತ್ತರ 0.9ಕ್ಕೂ ಕೆಳಗೆ. ಅದೇ ದೀಪ, ಅದೇ ಎಣ್ಣೆ, ಬೆಳಕು ಮಾತ್ರ ಹತ್ತರಲ್ಲೊಂದು ಪಾಲು ಕಮ್ಮಿ.

ಇಂಗ್ಲಿಷರ ಕ್ಯಾಂಡಲ್ ನಿಜವಾದ ಕ್ಯಾಂಡಲ್ಲೇ. 1860ರ ಲಂಡನ್ ಗ್ಯಾಸ್ ಕಾಯ್ದೆಯ ಪ್ರಕಾರ ಒಂದು ಪೌಂಡಿಗೆ ಆರು ತೂಗುವ ಸ್ಪರ್ಮಸೆಟಿ (ತಿಮಿಂಗಿಲದ ಮೇಣ) ಕ್ಯಾಂಡಲ್, ಗಂಟೆಗೆ 120 ಗ್ರೇನ್, ಅಂದರೆ ಸುಮಾರು 7.8 ಗ್ರಾಂ ಉರಿಯಬೇಕು. 1909ರಲ್ಲಿ ಇಂಗ್ಲೆಂಡ್, ಫ್ರಾನ್ಸ್, ಅಮೆರಿಕ ಸೇರಿ ‘ಅಂತರರಾಷ್ಟ್ರೀಯ ಕ್ಯಾಂಡಲ್’ ಮಾಡಿಕೊಂಡವು. ಜರ್ಮನಿ ಹೆಫ್ನರಿನಲ್ಲೇ ಉಳಿಯಿತು. ಫ್ರೆಂಚರ ಹಳೆಯ ಕಾರ್ಸೆಲ್ ಬೇರೆಯೇ, ಗಂಟೆಗೆ 42 ಗ್ರಾಂ ಕೋಲ್ಜಾ (ಸಾಸಿವೆ ಜಾತಿಯ ಬೀಜದ) ಎಣ್ಣೆ ಉರಿಸುವ ದೀಪದ ಬೆಳಕು, ಬೆಳಕಿನ ತೀವ್ರತೆಯ ಇಂದಿನ ಮಾನವಾದ ಕ್ಯಾಂಡೆಲಾದಲ್ಲಿ ಸುಮಾರು 9.7.

ಲೆಕ್ಕ ಹೀಗೆ. ಕ್ಯಾಂಡೆಲಾ ಬೇಕೆಂದರೆ ಹೆಫ್ನರನ್ನು 0.903ರಿಂದ ಗುಣಿಸಿ: 500ಕ್ಕೆ 451.5. ಆದರೆ ಫಲಕದಲ್ಲಿ ಆ ದಶಮಾಂಶ ಹಾಕಬೇಡಿ. 0.903 ಹೊಂದುವುದು ಸುಮಾರು 2040 ಕೆಲ್ವಿನ್ ಬಣ್ಣತಾಪದ, ಅಂದರೆ ಕೆಂಬಣ್ಣದ ಬೆಳಕಿಗೆ. ಬೆಳಕು ಬಿಳಿಯಾದಷ್ಟೂ ಗುಣಕ ಇಳಿಯುತ್ತದೆ, ಗ್ಯಾಸ್‌ಲೈಟಿನೊಳಗೆ ಹೊಳೆಯುವ ಮ್ಯಾಂಟಲ್ ಎಂಬ ಬಲೆಯ ಬೆಳಕು ಬಿಳಿಯೇ. ‘ಸುಮಾರು 450’ ಎಂದರೂ ಸ್ವಲ್ಪ ಉದಾರವಾದ ಲೆಕ್ಕ. ಇಂಗ್ಲಿಷ್ ದೀಪದ್ದು ಅಂತರರಾಷ್ಟ್ರೀಯ ಕ್ಯಾಂಡಲ್ ಎಂದುಕೊಂಡು 1.02ರಿಂದ ಗುಣಿಸಿ, 300 ಇದ್ದದ್ದು 306. ಸಂಖ್ಯೆಯೇ ದುಂಡಗಿರುವಾಗ ‘ಸುಮಾರು 300’ ಸಾಕು.

ಇನ್ನೊಂದು, 500 ಎಚ್‌ಕೆ ಎಂದರೆ 500 ವ್ಯಾಟ್ ಅಲ್ಲ. 4π ಹಾಕಿ ಲೂಮೆನ್ (ದೀಪ ಚೆಲ್ಲುವ ಒಟ್ಟು ಬೆಳಕಿನ ಮಾನ) ಮಾಡಲೂ ಹೋಗಬೇಡಿ. ಆ ಗುಣಾಕಾರ ಎಲ್ಲ ದಿಕ್ಕಿಗೂ ಸಮನಾಗಿ ಬೆಳಗುವ ದೀಪಕ್ಕೆ. ಗ್ಯಾಸ್‌ಲೈಟಿನ ಕೆಳಗೆ ಸೀಮೆಎಣ್ಣೆಯ ಟ್ಯಾಂಕ್, ಮೇಲೆ ಮುಚ್ಚಳ, ಎರಡೂ ಬೆಳಕು ತಡೆಯುತ್ತವೆ.

ತೀರ್ಥಹಳ್ಳಿಯಿಂದ:
ಲೆಕ್ಕ ಒಪ್ಪಿದೆ. ಹೆಫ್ನರಿನಲ್ಲಿ ಮೇಣವಿಲ್ಲ ಎಂದು ನೀವೇ ಹೇಳಿದಿರಿ. ಹಾಗಾದರೆ ‘ಹೆಫ್ನರ್ ಸೊಡರು’ ಎನ್ನಲು ಏನು ಅಡ್ಡಿ? ಸೊಡರೆಂದರೆ ದೀಪ, ಎಣ್ಣೆ ಯಾವುದಾದರೇನು.

ಶಿವಮೊಗ್ಗದಿಂದ:
ಅಡ್ಡಿ ಇದೆ. ನೋಡಲು ಬರುವ ಹೈಸ್ಕೂಲು ಮಕ್ಕಳಿಗೆ ಸೊಡರು ಗೊತ್ತಿಲ್ಲ, ಕ್ಯಾಂಡೆಲಾ ಪಠ್ಯದಲ್ಲೇ ಇದೆ. ಬತ್ತಿಯನ್ನು ಸಂಸ್ಕೃತವೆಂದು ಓಡಿಸಿದರೆ ‘ಮೇಣ’ವೂ ಪ್ರಾಕೃತದ ಮಯಣದಿಂದ ಬಂದದ್ದು, ‘ದೀಪ’ವೂ ಹೋಗುತ್ತದೆ. ಸಾವಿರ ವರ್ಷ ಬಾಯಲ್ಲಿ ಸವೆದ ಪದ ಕನ್ನಡವೇ.

ತೀರ್ಥಹಳ್ಳಿಯಿಂದ:
ಬತ್ತಿ ಸವೆದು ಬಂದಿದೆ, ಒಪ್ಪೋಣ. ಕ್ಯಾಂಡೆಲಾ ಎಲ್ಲಿ ಸವೆದಿದೆ? ಗೊತ್ತಿಲ್ಲದ ಪದವನ್ನು ಫಲಕದಲ್ಲಿ ಬರೆಯದಿದ್ದರೆ ಮಕ್ಕಳಿಗೆ ಗೊತ್ತಾಗುವುದಾದರೂ ಹೇಗೆ?

ಹೊಸನಗರದಿಂದ:
ಮಾನದ ಹೆಸರನ್ನು ಅನುವಾದಿಸುವ ಪದ್ಧತಿಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ನ್ಯೂಟನ್, ವ್ಯಾಟ್ ಹಾಗೇ ಇವೆ. ಸೇರು, ಕೊಳಗವನ್ನೂ ಯಾರೂ ಇಂಗ್ಲಿಷಿಗೆ ತಿರುಗಿಸಿ ಅಳೆಯುವುದಿಲ್ಲ. ‘ಕ್ಯಾಂಡಲ್’ ಒಂದೇ ಮಾನದ ಹೆಸರಲ್ಲ, ಯಾವ ದೇಶದ್ದು, ಯಾವ ಕಾಲದ್ದು ಎಂಬ ಗುರುತು ಜೊತೆಗಿರಲೇಬೇಕು. ‘ಮೊಂಬತ್ತಿ ಶಕ್ತಿ’ಯಾಗಲಿ ಬರಿಯ ‘ಸೊಡರಳತೆ’ಯಾಗಲಿ ಆ ಗುರುತನ್ನೇ ಅಳಿಸುತ್ತದೆ. ಸೊಡರು ವಿವರಣೆಯ ವಾಕ್ಯದಲ್ಲಿ ಬರಲಿ, ಸಂಖ್ಯೆಯ ಪಕ್ಕದಲ್ಲಿ ಬೇಡ.

ಸಾಗರದವರು ಹೀಗೆ ಅಚ್ಚು ಹಾಕಿಸಿ:
‘ಬೆಳಕಿನ ತೀವ್ರತೆ: 500 ಹೆಫ್ನರ್ (ಜರ್ಮನ್ ಹಳೆಯ ಮಾನ), ಇಂದಿನ ಸುಮಾರು 450 ಕ್ಯಾಂಡೆಲಾ.’
‘ಬೆಳಕಿನ ತೀವ್ರತೆ: 300 ಕ್ಯಾಂಡಲ್ (ಇಂಗ್ಲಿಷ್ ಹಳೆಯ ಮಾನ), ಇಂದಿನ ಸುಮಾರು 300 ಕ್ಯಾಂಡೆಲಾ.’
ಎರಡೂ ತಯಾರಕರು ಹೇಳಿಕೊಂಡ ಸಂಖ್ಯೆಗಳು, ಅಳೆದವಲ್ಲ. ಅದನ್ನೂ ಕೆಳಗೆ ಸಣ್ಣಕ್ಷರದಲ್ಲಿ ಸೇರಿಸಿ.