ಹಳೆಯ ಜೀಪಿನ ಎಂಜಿನ್: ಹೆಡ್ ಬೋಲ್ಟ್‌ಗಳನ್ನು ಒಣಗಿಸಿ ಬಿಗಿಯಬೇಕೇ, ಎಣ್ಣೆ ಹಚ್ಚಿ ಬಿಗಿಯಬೇಕೇ?

ಪ್ರಶ್ನೆ (ಸೋಮವಾರಪೇಟೆ)

ನಮ್ಮ ಕಾಫಿ ತೋಟದಲ್ಲಿ ಬಹುಕಾಲ ಓಡದೆ ನಿಂತಿದ್ದ ಸಿಜೆ-3ಬಿ ಜೀಪಿನ ಹರಿಕೇನ್ ಎಂಜಿನ್ನನ್ನು ಬಿಚ್ಚಿ, ಬೋರ್ ಮಾಡಿಸಿ, ಈಗ ಮರಳಿ ಜೋಡಿಸುತ್ತಿದ್ದೇನೆ. ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಹೆಡ್‌ನ ಬೋಲ್ಟ್‌ಗಳಿಗೆ 60ರಿಂದ 70 ಪೌಂಡ್-ಅಡಿ ಟಾರ್ಕ್ (ತಿರುಚುವ ಬಲ) ಎಂದು ಕೈಪಿಡಿ ಹೇಳುತ್ತದೆ. ಮೇಸ್ತ್ರಿಯವರೋ ಟಾರ್ಕ್ ವ್ರೆಂಚ್ ಏಕೆ, ಕೈಯಂದಾಜೇ ಸಾಕು ಎನ್ನುತ್ತಾರೆ. ಥ್ರೆಡ್‌ಗೆ ಎಣ್ಣೆ ಹಚ್ಚಬೇಕೇ ಎಂಬುದನ್ನೂ ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ (ಗೋಣಿಕೊಪ್ಪ)

ಮೇಸ್ತ್ರಿಯವರ ಕೈಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಹೆಡ್‌ನ ವಿಷಯದಲ್ಲಿ ಎಲ್ಲ ಬೋಲ್ಟ್‌ಗಳ ಬಿಗಿಯೂ ಒಂದೇ ಸಮವಾಗಿರಬೇಕು. ಅದನ್ನು ಕೈಯಂದಾಜಿನಲ್ಲಿ ಸಾಧಿಸುವುದು ಕಷ್ಟ. ಹೆಡ್ಡನ್ನು ಒತ್ತಿ ಹಿಡಿಯುವುದು ಬೋಲ್ಟ್ ಸ್ವಲ್ಪ ಹಿಗ್ಗುವುದರಿಂದ ಹುಟ್ಟುವ ಸೆಳೆತ. ನಾವು ಹಾಕುವ ಟಾರ್ಕ್‌ನಲ್ಲಿ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಮಾತ್ರ ಆ ಸೆಳೆತವಾಗುತ್ತದೆ, ಉಳಿದದ್ದು ಬೋಲ್ಟ್‌ನ ತಲೆಯಡಿ ಮತ್ತು ಥ್ರೆಡ್‌ನಲ್ಲಿ ಘರ್ಷಣೆಗೆ ಹೋಗುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ತುಕ್ಕು ಹಿಡಿದ ಬೋಲ್ಟ್ 65 ತೋರಿಸಿದರೂ ಒಳಗೆ ಸಡಿಲವೇ ಇರಬಹುದು. ಆದ್ದರಿಂದ ಬೋಲ್ಟ್‌ಗಳನ್ನು ತಂತಿಬ್ರಷ್‌ನಿಂದ ಉಜ್ಜಿ, ಬ್ಲಾಕ್‌ನ (ಎಂಜಿನ್ನಿನ ಮುಖ್ಯ ಒಡಲಿನ) ಥ್ರೆಡ್‌ಗಳಲ್ಲಿ ಟ್ಯಾಪನ್ನು (ಥ್ರೆಡ್ ಕೊರೆಯುವ ಉಪಕರಣವನ್ನು) ಕೈಯಿಂದ ಹಗುರವಾಗಿ ತಿರುಗಿಸಿ ಕೊಳೆ ತೆಗೆಯಿರಿ. ಹೊಸದಾಗಿ ಲೋಹ ಕೊರೆಯುವಂತಾಗಬಾರದು. ಕತ್ತು ಸಣಕಲಾದ ಬೋಲ್ಟನ್ನು ಬದಲಾಯಿಸಿ.

ಎಣ್ಣೆಯ ವಿಷಯದಲ್ಲಿ ಕೈಪಿಡಿಯ ಮಾತೇ ಕೊನೆ. ಒಣ ಥ್ರೆಡ್‌ಗೆ ಕೊಟ್ಟ ಅಂಕಿಯನ್ನೇ ಎಣ್ಣೆ ಹಚ್ಚಿದ ಬೋಲ್ಟ್‌ಗೆ ಹಾಕಿದರೆ ಸೆಳೆತ ಬಹಳ ಹೆಚ್ಚಾಗುತ್ತದೆ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆಯೋ ನೀರೋ ನಿಂತಿದ್ದರೆ, ಬೋಲ್ಟ್ ಇಳಿದಂತೆ ಅದಕ್ಕೆ ಹೊರಹೋಗಲು ದಾರಿಯಿಲ್ಲದೆ ಬ್ಲಾಕೇ ಸೀಳಬಹುದು.

ಉತ್ತರ (ಮಡಿಕೇರಿ)

ಮೇಲಿನವರು ಹೇಳಿದ್ದು ಸರಿ. ಈ ಎಂಜಿನ್ನಿನಲ್ಲಿ ಒಂದು ಹೆಡ್ ಬೋಲ್ಟ್ ಕಾರ್ಬ್ಯುರೇಟರ್‌ನ ಅಡಿಯಲ್ಲಿ ಅಡಗಿದೆ. ಕಾರ್ಬ್ಯುರೇಟರ್ ಕೂರಿಸುವ ಮೊದಲೇ ಅದನ್ನು ಬಿಗಿಯಬೇಕು. ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಸಾಗುತ್ತ, ಮೊದಲ ಸುತ್ತಿನಲ್ಲಿ 30, ಆಮೇಲೆ 50, ಕೊನೆಗೆ 65ರಂತೆ ಹಂತಹಂತವಾಗಿ ಬಿಗಿಯಿರಿ. ವ್ರೆಂಚ್ ‘ಟಕ್’ ಎಂದೊಡನೆ ಕೈ ಬಿಡಿ, ಎರಡನೆಯ ‘ಟಕ್’ ಬೇಡ. ನ್ಯೂಟನ್ ಮೀಟರ್ ವ್ರೆಂಚ್ ಇದ್ದರೆ 65 ಪೌಂಡ್-ಅಡಿ ಎಂದರೆ ಸುಮಾರು 88.

ಪ್ರಶ್ನಿಸಿದವರು (ಸೋಮವಾರಪೇಟೆ)

ಇಬ್ಬರಿಗೂ ಧನ್ಯವಾದಗಳು. ಅಡಗಿದ ಆ ಬೋಲ್ಟ್ ನನ್ನ ಗಮನಕ್ಕೆ ಬಂದಿರಲಿಲ್ಲ. ಎಂಜಿನ್ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿಯಬೇಕೇ?

ಉತ್ತರ (ಮಡಿಕೇರಿ)

ಹೆಡ್ ಮತ್ತು ಬ್ಲಾಕ್ ನಡುವಿನ ಹಳೆಯ ಮಾದರಿಯ ಗ್ಯಾಸ್ಕೆಟ್ ಬಿಸಿಗೆ ಒತ್ತಿಕೊಂಡು ತೆಳುವಾಗುವುದರಿಂದ ಬಿಗಿಯಬೇಕು. ಬಿಸಿಯಲ್ಲಿ ಬಿಗಿಯಬೇಕೋ ಆರಿದ ಮೇಲೋ ಎಂಬುದನ್ನು ಗ್ಯಾಸ್ಕೆಟ್ ತಯಾರಕರ ಚೀಟಿಯಲ್ಲಿ ನೋಡಿ. ಹಾಗೆ ಬಿಗಿದ ಬಳಿಕ ಟ್ಯಾಪೆಟ್ ಅಂತರವನ್ನೂ (ವಾಲ್ವ್‌ಗೂ ಅದನ್ನು ತಳ್ಳುವ ಭಾಗಕ್ಕೂ ನಡುವಿನ ಸಣ್ಣ ಸಂದು) ಅಳೆಯಿರಿ: ಇದರ ಒಳಸೇರುವ ವಾಲ್ವ್‌ಗಳು ಹೆಡ್‌ನಲ್ಲಿವೆ, ಹೆಡ್ ಕೆಳಗಿಳಿದರೆ ಅವುಗಳ ಅಂತರ ಕಡಿಮೆಯಾಗುತ್ತದೆ, ಹೊಗೆಯ ವಾಲ್ವ್‌ಗಳು ಬ್ಲಾಕ್‌ನಲ್ಲೇ ಇರುವುದರಿಂದ ಅವುಗಳಿಗೆ ಇದರ ಪರಿಣಾಮವಿಲ್ಲ.